ಹುಳುವಿನ ಮನೆಗೆ ತೊಳೆದ ಕೈ

ನಾನು ಕೈ ತೊಳೆಯಲಿಲ್ಲ. ಆಸ್ಪತ್ರೆಯಲ್ಲಿ ತಮ್ಮನ ಗಾಯದ ಪಟ್ಟಿ ಮುಟ್ಟುವ ಮುಂಚೆ ತೊಳೆಯಬೇಕಿತ್ತು, ತೊಳೆಯಲಿಲ್ಲ. ತಿಳಿಯದೆ ಆಯಿತು ಎಂದು ತಪ್ಪಿಸಿಕೊಳ್ಳುವಂತೆಯೂ ಇಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ ನಿಜ. ಆದರೆ ಇದನ್ನು ತಿಳಿಯಲು ನನಗೆ ಶಾಲೆ ಬೇಕಿರಲಿಲ್ಲ. ನಾನು ರೇಷ್ಮೆ ಹುಳ ಸಾಕುವವಳು.

ಗಂಡ ತೀರಿಕೊಂಡ ಮೇಲೆ ಮುಳಬಾಗಿಲು ಕಡೆಯ ನಮ್ಮೂರಿಗೆ ಬಂದು ತಮ್ಮನ ಮನೆಯಲ್ಲೇ ಇದ್ದೇನೆ. ಮನೆಯ ಹಿಂದಿನ ಹುಳುವಿನ ಮನೆ ನನ್ನ ವಶ. ಅದರ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರು ಇಟ್ಟಿರುತ್ತೇನೆ. ಅದರಲ್ಲಿ ಕೈ ಅದ್ದದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಹಾಲುತೊಂಡೆ ರೋಗ ಬಂದ ಹುಳ ಮೈ ಊದಿಕೊಂಡು, ಒಡೆದರೆ ಬಿಳಿ ನೀರು ಸುರಿಸುತ್ತದೆ. ಅಂಥದ್ದೊಂದು ಕಂಡರೆ ಕಡ್ಡಿಯಲ್ಲಿ ಎತ್ತಿ ಸುಣ್ಣದ ಡಬ್ಬಕ್ಕೆ ಹಾಕಿ, ಕೈ ತೊಳೆದೇ ಪಕ್ಕದ ಹುಳುವಿನ ತಟ್ಟೆ ಮುಟ್ಟುತ್ತೇನೆ. ಒಮ್ಮೆ ನೆಂಟರೊಬ್ಬರನ್ನು ಬಾಗಿಲಲ್ಲೇ ತಡೆದು ಕೈ ತೊಳೆಯಿರಿ ಅಂದಿದ್ದಕ್ಕೆ ಅವರು ಮುನಿಸಿಕೊಂಡು ಊಟ ಮಾಡದೆ ಹೊರಟುಹೋದರು. ಹೋದರೆ ಹೋಗಲಿ, ನನ್ನ ಹುಳ ಉಳಿದರೆ ಸಾಕು ಅಂದುಕೊಂಡಿದ್ದೆ.

ತಮ್ಮ ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ತೋಟಗಳಿಗೆ ಕಾಯಿ ಕೀಳಲು ಹೋಗುತ್ತಿದ್ದ. ಕೊಂಬೆ ಮುರಿದು ಬಿದ್ದ. ಮೊಣಕಾಲಿನ ಕೆಳಗೆ ಮೂಳೆ ಮುರಿದು ಚರ್ಮ ಹರಿದು ಹೊರಬಂದಿತ್ತು. ಕೋಲಾರದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಒಳಗೆ ರಾಡ್ ಹಾಕಿದರು. ಅವನ ಹೆಂಡತಿ ಆಗ ಬಾಣಂತಿ. ನೋಡಿಕೊಳ್ಳಲು ನಾನೇ ಹೋಗಿ ಉಳಿದೆ.

ಪಕ್ಕದ ಮಂಚದಲ್ಲಿ ಆಂಧ್ರ ಗಡಿ ಕಡೆಯ ಒಬ್ಬ ತಾತ ಇದ್ದ. ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತು ಕೀವಾಗಿತ್ತು. ಮಗ ಸಂಜೆ ಬಂದು ಮುಖ ತೋರಿಸಿ ಹೋಗುತ್ತಿದ್ದ. ಹಗಲೆಲ್ಲ ತಾತನಿಗೆ ಯಾರೂ ಇಲ್ಲ. ನಾನೇ ಅವನ ಕಾಲನ್ನು ದಿಂಬಿನ ಮೇಲೆ ಎತ್ತಿ ಇಡುತ್ತಿದ್ದೆ, ಒದ್ದೆಯಾದ ಬಟ್ಟೆ ಬದಲಿಸುತ್ತಿದ್ದೆ.

ಮೊದಲ ದಿನ ಅವನ ಕಾಲು ಮುಟ್ಟಿ ನಲ್ಲಿಯ ಕಡೆ ಹೊರಟಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿದ.

"ನನ್ನ ಮುಟ್ಟಿದೋರೆಲ್ಲ ನಲ್ಲಿ ಕಡೆಗೇ ಓಡ್ತಾರಮ್ಮ. ಸೊಸೇನೂ ಅಷ್ಟೇ. ನಾನೇನು ಮನುಷ್ಯ ಅಲ್ವಾ?"

ನಾನು ಅರ್ಧಕ್ಕೇ ನಿಂತೆ. ಒಬ್ಬರನ್ನು ಮುಟ್ಟಿ ಅವರ ಕಣ್ಣೆದುರೇ ಕೈ ತೊಳೆದರೆ ಅದು ಹೇಸಿಗೆ ಪಟ್ಟಂತೆ. ನಮ್ಮೂರಿನಲ್ಲಿ ಅಂಥ ಕೈ ತೊಳೆಯುವಿಕೆಯಿಂದ ಎಷ್ಟೋ ಜನ ಅವಮಾನ ಉಂಡಿದ್ದಾರೆ. ಅವನಿಗೆ ಅದನ್ನು ಮಾಡಲಾರೆ ಅನ್ನಿಸಿತು. ತಿರುಗಿ ಬಂದು ಹಾಗೇ ಕೂತೆ. ಅವನ ಮುಖ ಅರಳಿತು. "ಚಲ್ಲಗಾ ಉಂಡು ತಲ್ಲೀ" ಎಂದು ತೆಲುಗಿನಲ್ಲಿ ಹರಸಿದ. ತಣ್ಣಗಿರು ತಾಯಿ ಎಂದು ಯಾರಾದರೂ ನನಗೆ ಹೇಳಿ ಬಹಳ ಕಾಲವಾಗಿತ್ತು.

ಕೈಗೆ ಹಚ್ಚಿಕೊಳ್ಳುವ ಔಷಧಿಯ ಬಾಟಲಿಯನ್ನು ಮಂಚದ ತುದಿಗೆ ಸಿಕ್ಕಿಸಿದ್ದರು. "ಅಕ್ಕಾ, ತಾತನ್ನ ಮುಟ್ಟಿದ್ಮೇಲೆ, ನಿಮ್ಮ ತಮ್ಮನ್ನ ಮುಟ್ಟೋಕ್ಮುಂಚೆ, ಇದನ್ನ ಹಚ್ಕೊಳ್ಳಿ. ಪಟ್ಟಿ ಮಾತ್ರ ನೀವು ಮುಟ್ಲೇಬೇಡಿ, ನಮ್ಮನ್ನ ಕರೀರಿ," ಎಂದು ನರ್ಸಮ್ಮ ಹೇಳಿದ್ದಳು. ಅವಳು ಎದುರಿಗಿದ್ದಾಗ ಹಚ್ಚಿಕೊಳ್ಳುತ್ತಿದ್ದೆ. ಅವಳು ಅತ್ತ ಹೋದರೆ ಇಲ್ಲ. ತಮ್ಮನ ಪಟ್ಟಿ ಜಾರಿದರೆ ಅದೇ ಕೈಯಲ್ಲಿ ಎಳೆದು ಸರಿಮಾಡುತ್ತಿದ್ದೆ. ಅಂಚಿನಲ್ಲಿ ಒಸರಿದ್ದನ್ನು ಸೆರಗಿನಿಂದ ಒರೆಸುತ್ತಿದ್ದೆ. ಹುಳುವಿನ ಮನೆ ಆಗ ಒಮ್ಮೆಯೂ ನೆನಪಿಗೆ ಬರಲಿಲ್ಲ.

ತಾತ ಮನೆಗೆ ಹೋದ. ಆಮೇಲೆ ತಮ್ಮನಿಗೆ ಜ್ವರ ಬಂತು. ಪಟ್ಟಿ ಬಿಚ್ಚಿದರೆ ವಾಸನೆ. ಆ ವಾಸನೆ ನನಗೆ ಗೊತ್ತಿತ್ತು. ತಾತನ ಪಾದದಲ್ಲಿ ದಿನವೂ ಮೂಸಿದ್ದೆ.

ಡಾಕ್ಟರು ನನ್ನ ಕಡೆ ತಿರುಗಿದರು. "ಪಟ್ಟಿ ನೀವೇನಾದ್ರೂ ಮುಟ್ಟಿದ್ರಾ? ಪಕ್ಕದವರ ಗಾಯ?"

"ಇಲ್ಲ ಸಾರ್," ಅಂದೆ. ಯೋಚಿಸುವ ಮುಂಚೆಯೇ ಬಾಯಿಂದ ಬಂದುಬಿಟ್ಟಿತು.

ಅಷ್ಟರಲ್ಲಿ ತಮ್ಮ ಮಲಗಿದಲ್ಲಿಂದಲೇ, "ಸಾರ್, ಬಯ್ಬೇಡಿ. ನವೆ ತಡೀಲಾರ್ದೆ ಪಟ್ಟಿ ಒಳಗೆ ಪೊರಕೆ ಕಡ್ಡಿ ಹಾಕಿ ಒಂದ್ಸಲ ಕೆರ್ಕೊಂಡೆ," ಅಂದ. ಡಾಕ್ಟರು ಅವನನ್ನು ಬೈದರು.

ರೋಗ ಮೂಳೆಗೆ ಇಳಿದಿತ್ತು. ರಾಡ್ ತೆಗೆದರು, ಮತ್ತೆ ಮತ್ತೆ ಗಾಯ ತೊಳೆದರು. ಕೊನೆಗೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು. ಎಚ್ಚರವಾದ ಮೇಲೆ ಅವನು ನನ್ನ ಮುಖ ನೋಡಿ, "ಅಳಬೇಡ ಕಣೇ ಅಕ್ಕ. ಇನ್ಮೇಲೆ ಒಂದು ಜೊತೆ ಚಪ್ಪಲಿ ಎರಡು ವರ್ಷ ಬರ್ತದೆ," ಅಂದ.

ರೋಗ ಕಡ್ಡಿಯಿಂದ ಬಂತೋ, ನನ್ನ ಕೈಯಿಂದ ಬಂತೋ, ಬಿದ್ದಾಗಲೇ ಮಣ್ಣಿನಿಂದ ಸೇರಿತ್ತೋ ಈಗ ಯಾರೂ ಹೇಳಲಾರರು. ಆ ಅನುಮಾನವನ್ನೇ ಹಿಡಿದುಕೊಂಡು ಸುಮ್ಮನಿದ್ದುಬಿಟ್ಟೆ. ಊರಿನಲ್ಲಿ ಅವನು ಕಡ್ಡಿ ಹಾಕಿ ಕಾಲು ಕಳೆದುಕೊಂಡವನಾದ. ಮಾತಿಗೆ ಮಾತು ಬೆಳೆದಾಗಲೆಲ್ಲ ಹೆಂಡತಿ ಅದನ್ನೇ ಎತ್ತುತ್ತಿದ್ದಳು. ನಾನು ಅವನನ್ನು ಹಡೆದ ತಾಯಿಯಂತೆ ನೋಡಿಕೊಂಡ ಅಕ್ಕನಾದೆ.

ಮೊನ್ನೆ ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾಗುವ ಹೊತ್ತು. ತಮ್ಮ ಹುಳುವಿನ ಮನೆಯ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದ. ಅವನ ಹೆಂಡತಿ ಹೊಲದಿಂದ ಬಂದವಳೇ ಒಳಗೆ ನುಗ್ಗಿದಳು.

"ಕೈ ಅದ್ದೇ, ಕೈ!" ಎಂದು ಕೂಗಿದೆ.

"ಅದ್ದಿದೆ ಬಿಡಿ ಅತ್ತಿಗೆ. ಈ ಬುದ್ಧಿ ಒಸಿ ನಿಮ್ಮ ತಮ್ಮನಿಗೂ ಇದ್ದಿದ್ರೆ ಪೊರಕೆ ಕಡ್ಡಿಗೆ ಕಾಲು ಕೊಡ್ತಿರಲಿಲ್ಲ."

ತಮ್ಮ ನಕ್ಕ. "ಅದೂ ನಿಜ ಕಣೇ. ಅಕ್ಕ ಅಷ್ಟು ಚೆನ್ನಾಗಿ ನೋಡ್ಕೊಂಡ್ಳು. ನಾನೇ ಹಾಳ್ಮಾಡ್ಕೊಂಡೆ."

ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ. ಹೊರಗೆ ಬಂದು ಅವನ ಎದುರು, ಸೊಪ್ಪಿನ ರಾಶಿಯ ಮೇಲೆಯೇ ಕೂತೆ. ಅವನು ಗಾಬರಿಯಾಗಿ, "ಯಾಕೇ ಅಕ್ಕ?" ಅಂದ. ಅವನ ಹೆಂಡತಿಯೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

"ಕಡ್ಡಿ ಅಂತ ಇನ್ಮೇಲೆ ಅನ್ಬೇಡ ಕಣೋ. ತಾತನ ಕೀವು ಮುಟ್ಟಿದ ಕೈನ ತೊಳೀದೆ ನಿನ್ನ ಪಟ್ಟಿ ಮುಟ್ಟಿದೀನಿ. ಒಂದ್ಸಲ ಅಲ್ಲ, ದಿನಾ. ಡಾಕ್ಟ್ರು ಕೇಳಿದ್ರೆ ಇಲ್ಲ ಅಂದೆ. ಇಷ್ಟು ದಿನ ತಪ್ಪೆಲ್ಲ ನಿನ್ನ ತಲೆ ಮೇಲೆ ಬೀಳೋದನ್ನ ನೋಡ್ತಾ ಕೂತಿದ್ದೆ. ತಪ್ಪಾಯ್ತು ಕಣೋ. ನನ್ನ ಕ್ಷಮಿಸ್ಬಿಡು."