ಬಸ್ಸಿನಲ್ಲಿ ಚೆಲ್ಲಿದ ಉಕ್ಕಿನ ಲೆಕ್ಕ

ಆಗ ನಮ್ಮ ಹೊಸೂರಿನ ಕಾರ್ಖಾನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಉಕ್ಕು ಎಷ್ಟು ಬಿಸಿಗೆ ಬಿರುಕು ಬಿಡುತ್ತದೆಂಬ ಲೆಕ್ಕವನ್ನು, ಕಂಪ್ಯೂಟರ್ ಓದುವಂತೆ ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ ಬೆಂಗಳೂರಿಗೆ ಒಯ್ಯಬೇಕಿತ್ತು. ಅಲ್ಲಿ ಹಲವು ಕಂಪನಿಗಳಿಗೆ ಒಂದೇ ಯಂತ್ರ. ಸರದಿ ತಪ್ಪಿದರೆ ಮತ್ತೊಂದು ವಾರ ಕಾಯಬೇಕು. ಕಾರ್ಡುಗಳು ಒಂದರ ಹಿಂದೊಂದು ಕ್ರಮವಾಗಿಯೇ ಇರಬೇಕು, ಇದನ್ನೂ ಹೇಳಿಬಿಡುತ್ತೇನೆ.

ಒಂದು ದಿನ ಬೆಂಗಳೂರಿನ ಬಸ್ಸು ಗಕ್ಕನೆ ನಿಂತಾಗ ಕಾರ್ಡಿನ ಕಟ್ಟು ಬಿಚ್ಚಿ ಎಲ್ಲವೂ ಚೆಲ್ಲಿದವು. ನಾನು ಅಳುವುದೊಂದು ಬಾಕಿ.

ಪಕ್ಕದಲ್ಲಿದ್ದ ಉದ್ದನಪಲ್ಲಿಯ ಹೂ ಮಾರುವ ಅಜ್ಜಿ ಕೇಳಿದರು: "ಕಟ್ಟಿನ ಅಂಚಿಗೆ ಓರೆಯಾಗಿ ಗೀಟು ಎಳ್ದಿದ್ಯಲ್ಲಾ, ಅದ್ಯಾಕ್ಲಾ?"

"ಚೆಲ್ಲಿದ್ರೆ ಜೋಡಿಸೋಕೆ, ಅಜ್ಜಿ."

"ಮತ್ತೆ ಜೋಡ್ಸ್ಲಾ! ಸುಮ್ನೆ ಕುಂತವ್ನೆ!"

ಗೀಟು ಕೂಡಿಸುತ್ತಾ ಮುಕ್ಕಾಲು ಪಾಲನ್ನು ಅಜ್ಜಿಯೇ ಜೋಡಿಸಿದರು.

ಸಂಜೆ ಯಂತ್ರ, ಒಂದು ಕಾರ್ಡು ತಪ್ಪೆಂದು ಲೆಕ್ಕವನ್ನೇ ವಾಪಸು ಮಾಡಿತು. ಅಜ್ಜಿಯೇ ಕ್ರಮ ತಪ್ಪಿಸಿದರೆಂದು ಬೈದುಕೊಳ್ಳುತ್ತಾ ಆ ಕಾರ್ಡನ್ನು ಹುಡುಕಿದೆ. ಜೋಡಣೆ ಸರಿಯಾಗಿಯೇ ಇತ್ತು. ಆ ಕಾರ್ಡಿಗೆ ತಪ್ಪು ತೂತು ಹೊಡೆದವನು ನಾನೇ.