ತಣ್ಣಗಿದ್ದ ಏಳು ಮೀಟರ್

ದ್ಯಾಮಣ್ಣನ ಮಿಕ್ಸರ್ ಲಾರಿಯಲ್ಲಿ ಕಾಂಕ್ರೀಟು ಗಟ್ಟಿಯಾದದ್ದೇ ಇಲ್ಲ ಎಂಬ ಮಾತು ಬನಶಂಕರಿಯಿಂದ ಬಿ.ಟಿ.ಎಂ. ತನಕ ಸೈಟುಗಳಲ್ಲಿ ಪ್ರಸಿದ್ಧವಾಗಿತ್ತು. ಬೇರೆ ಡ್ರೈವರುಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಡ್ರಮ್ಮಿನೊಳಗೆ ಕಲ್ಲಾದದ್ದನ್ನು ಉಳಿ ಹಿಡಿದು ಒಡೆಯುತ್ತಿದ್ದರು. ಇವನದು ಎಷ್ಟು ತಡವಾದರೂ ದೋಸೆ ಹಿಟ್ಟಿನ ಹಾಗೆ ಇಳಿಯುತ್ತಿತ್ತು. ಕೈಗುಣ ಎಂದು ಸುದ್ದಗುಂಟೆಪಾಳ್ಯದ ಬಾಡಿಗೆ ಮನೆಯಲ್ಲಿ ಹೆಂಡತಿ ತಂಗೆವ್ವ ಹೆಮ್ಮೆಪಡುತ್ತಿದ್ದಳು. ಅವಳಿಗೂ ಅವನು ಹೇಳಿರಲಿಲ್ಲ: ಸೀಟಿನ ಹಿಂದೆ ಸಕ್ಕರೆ ಚೀಲವಿತ್ತು. ಸಕ್ಕರೆ ಬಿದ್ದರೆ ಸಿಮೆಂಟು ಗಟ್ಟಿಯಾಗುವುದು ತಡವಾಗುತ್ತದೆ.

ಆ ಸೋಮವಾರ ಬನ್ನೇರುಘಟ್ಟ ರಸ್ತೆಯಲ್ಲಿ ಎರಡು ಗಂಟೆ ನಿಂತಾಗಲೂ ಡ್ರಮ್ಮಿಗೆ ಸಕ್ಕರೆ ಸುರಿದಿದ್ದ. ಆ ಲೋಡು ಜೆ.ಪಿ. ನಗರದ ಅಪಾರ್ಟ್‌ಮೆಂಟಿನ ಅಡಿಪಾಯಕ್ಕೆ ನೆಲದೊಳಗೆ ಇಳಿಸುವ ಕಂಬದ್ದು. ಆ ಕಂಬ ತುಂಬಿಸಿದ ಮೂರು ಲಾರಿಗಳಲ್ಲಿ ಇವನದು ನಡುವಿನದು.

ಮರುದಿನ ಬೆಳಿಗ್ಗೆ ಇನ್ನೊಂದು ಲೋಡು ತಂದಾಗ, ಇಂಜಿನಿಯರ್ ಹೇಮಶ್ರೀ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಗಟ್ಟಿಯಾಗುವ ಸಿಮೆಂಟು ತಾನಾಗಿ ಬಿಸಿಯಾಗುತ್ತದೆ. ಮಣ್ಣು ಸೇರಿದ ಕಡೆ ತಣ್ಣಗಿರುತ್ತದೆ. ಕಂಬದ ಕಬ್ಬಿಣಕ್ಕೆ ಉದ್ದಕ್ಕೂ ಕಟ್ಟಿದ ತಂತಿಗಳು ಆ ಶಾಖವನ್ನು ಅಳೆದು ತಿಳಿಸುತ್ತಿದ್ದವು.

"ಮೇಲೆ ಕೆಳಗೆ ಐವತ್ತೈದು ಡಿಗ್ರಿ. ಮಧ್ಯೆ ಏಳು ಮೀಟರ್ ಬರೀ ಮೂವತ್ತು," ಎಂದಳು. "ಪಿಳ್ಳಪ್ಪ, ಪೈಪ್ ಬೇಗ ಎತ್ತಿಬಿಟ್ರಾ? ಸುತ್ತಲಿನ ಮಣ್ಣು ಒಳಗೆ ಸೇರ್ಕೊಂಡಿರ್ಬೇಕು."

ಅರೆಕೆರೆಯ ಪಿಳ್ಳಪ್ಪ ಕಾಂಕ್ರೀಟು ಇಳಿಸುವ ಪೈಪು ಹಿಡಿದು ಇಪ್ಪತ್ತು ವರ್ಷವಾಗಿತ್ತು. "ಇಲ್ಲ ಮೇಡಂ, ಎತ್ತಿಲ್ಲ."

"ಹಂಗಾದ್ರೆ ಮಿಷಿನ್ ಸುಳ್ಳು ಹೇಳುತ್ತಾ?" ಎಂದ ಸೂಪರ್‌ವೈಸರ್ ಕೈಲಾಸ್. "ವಯಸ್ಸಾಯ್ತು ಗುರು, ನಾಳೆಯಿಂದ ಬರ್ಬೇಡ. ಮೊಮ್ಮಗನ ತೊಟ್ಲು ತೂಗ್ಕೊಂಡಿರು."

ಎಲ್ಲರೂ ನಕ್ಕರು. ದ್ಯಾಮಣ್ಣನೂ ನಕ್ಕ. ನಕ್ಕು, ತನ್ನ ಲಾರಿಯ ಹತ್ತಿರ ಹೋಗಿ ನಿಂತ.

ಪಿಳ್ಳಪ್ಪ ಲಾರಿಯ ನೆರಳಿಗೆ ಬಂದು ಕುಕ್ಕರಗಾಲಲ್ಲಿ ಕೂತ. "ಎತ್ತಿದ್ನೇನೋ ದ್ಯಾಮಣ್ಣ. ನಿನ್ ಗಾಡಿ ಕಾಯ್ತಾ ಕಾಯ್ತಾ ಒಂದ್ಸಲ ಪೈಪ್ ಅಲ್ಲಾಡಿಸ್ದೆ. ಈಚೆಗೆ ಕೈ ನಡುಗ್ತಾವೆ ಅನ್ಸುತ್ತೆ. ನೋಡು."

ಎರಡೂ ಕೈ ಚಾಚಿ ಹಿಡಿದ. ಅವು ನಡುಗುತ್ತಿರಲಿಲ್ಲ.

ದ್ಯಾಮಣ್ಣನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೇಮಶ್ರೀಯ ಹತ್ತಿರ ಹೋದ. "ಅದು ಮಣ್ಣಲ್ರೀ ಮೇಡಂ. ಸಕ್ರಿ. ನಾನ ಹಾಕೀನ್ರೀ. ಎರಡೂವರಿ ಕಿಲೋ."

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. "ಹಾಗಾದ್ರೆ ನಿಧಾನಕ್ಕೆ ಬಿಸಿ ಏರ್ಬಹುದು. ಇನ್ನೆರಡು ದಿನ ನೋಡೋಣ," ಎಂದು ಬರೆದುಕೊಂಡಳು. ಆಮೇಲೆ ತಲೆ ಎತ್ತಿದಳು. "ಇದೇ ಮೊದಲನೇ ಸಲನಾ?"

ಪಿಳ್ಳಪ್ಪ ಎದ್ದು ನಿಂತು ಕೇಳಿಸಿಕೊಳ್ಳುತ್ತಿದ್ದ.

"ಅಲ್ರೀ," ಎಂದ ದ್ಯಾಮಣ್ಣ.

ಅವತ್ತಿನ ಲೋಡು ಇಳಿಸಬೇಡಿ ಎಂದಳು. ಡ್ರಮ್ಮು ತಿರುಗುತ್ತಲೇ ಇತ್ತು. ಕಿರಿದಾದ ಗೇಟಿನಿಂದ ಹಿಮ್ಮುಖವಾಗಿ ಹೊರಡಬೇಕಿತ್ತು. ದಾರಿ ತೋರಿಸಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಪಿಳ್ಳಪ್ಪನೇ ಹಿಂದೆ ಹೋಗಿ ನಿಂತ.

"ಬಾ, ಬಾ. ಲೆಫ್ಟ್ ಕಟ್ ಮಾಡು. ಬಾ," ಎಂದು ದಿನವೂ ಕೂಗುವ ಹಾಗೆಯೇ ಕೂಗಿದ. ದ್ಯಾಮಣ್ಣ ಕನ್ನಡಿಯಲ್ಲಿ ಅವನ ಮುಖ ನೋಡಲಾರದೆ, ಆ ದನಿಯನ್ನೇ ನಂಬಿ ಗಾಡಿ ಹಿಂದೆ ಬಿಟ್ಟ.