ಸೋಲಾರ್ ಪ್ಲೇಟಿನ ಕೆಳಗೊಂದು ಗೌಜಲ ಹಕ್ಕಿ

ಸೋಲಾರ್ ಪ್ಲೇಟುಗಳ ಕೆಳಗೆ ಬಂಡೂರು ಕುರಿ ಮೇಯುತ್ತವೆ, ಗೌಜಲ ಹಕ್ಕಿ ನೆಲದ ಮೇಲೆ ಮೊಟ್ಟೆಯಿಡುತ್ತದೆ ಎಂದು ಮಳವಳ್ಳಿಯ ಗೆಳತಿ ಹೇಳಿದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಇಲ್ಲದ ಉಸಾಬರಿ ನನಗೆ ಮೊದಲಿಂದಲೂ ಜಾಸ್ತಿ. ಬೆಳಿಗ್ಗೆ ಮಂಡ್ಯದಲ್ಲಿ ಸರ್ಕಾರಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲ. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ವಡೆ ಕಟ್ಟಿಸಿಕೊಂಡೆ. ಭಾರತೀನಗರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಸಿಕ್ಕಿಕೊಂಡಿತು, ವಡೆಯೆಲ್ಲ ಅಲ್ಲೇ ಖಾಲಿಯಾಯಿತು.

ಮಳವಳ್ಳಿಯಿಂದ ಆಟೋದಲ್ಲಿ ಸೋಲಾರ್ ಪ್ಲೇಟುಗಳ ಜಾಗಕ್ಕೆ ಹೋಗಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಗೇಟಿನಲ್ಲಿ ಕಾವಲುಗಾರ ಶಿವಣ್ಣ, ಒಳಗೆ ಕುರಿಗಳ ಒಡತಿ ಜಯಮ್ಮ. ಪ್ಲೇಟುಗಳ ನೆರಳಲ್ಲಿ ಗಿಡ್ಡ ಕಾಲಿನ ಕುರಿಗಳು ತಲೆಯೆತ್ತದೆ ಮೇಯುತ್ತಿದ್ದವು. ಮೊದಲು ಇಲ್ಲಿ ಮೇಕೆ ಬಿಟ್ಟಿದ್ದರಂತೆ.

“ಮೇಕೆ ಸುಮ್ಕಿರ್ತವಾ? ಪ್ಲೇಟ್ ಮ್ಯಾಕೆ ಅತ್ತಿ ನಿಂತ್ಕಂಡ್ವು ಕಣಮ್ಮ,” ಎಂದು ಶಿವಣ್ಣ ನಕ್ಕರು.

ಜಯಮ್ಮ ನಗಲಿಲ್ಲ. ಹುಲ್ಲು ಎತ್ತರ ಬೆಳೆದು ಪ್ಲೇಟಿನ ಅಂಚಿಗೆ ನೆರಳು ಬೀಳುತ್ತಿತ್ತು. ಕರೆಂಟು ಕಡಿಮೆಯಾಗುತ್ತದೆಂದು ಕಂಪನಿಯ ಇಂಜಿನಿಯರು ಮಧ್ಯಾಹ್ನ ಕಳೆ ಔಷಧಿ ಹೊಡೆಸಲು ಬರುವವರಿದ್ದರು. ಔಷಧಿ ಬಿದ್ದರೆ ಕುರಿಗೆ ಮೇವಿಲ್ಲ, ಹಕ್ಕಿಗೆ ಮರೆಯಿಲ್ಲ. ಅಷ್ಟರೊಳಗೆ ಕುರಿಗಳೇ ಹುಲ್ಲು ತಗ್ಗಿಸಬೇಕಿತ್ತು. ಆದರೆ ಉಳಿದಿದ್ದ ಕೊನೆಯ ಸಾಲಿನಲ್ಲೇ ಗೌಜಲ ಹಕ್ಕಿ ಕಾವು ಕೂತಿತ್ತು. ಕುರಿ ತುಳಿಯದಂತೆ ಜಯಮ್ಮ ಗೂಡಿನ ಸುತ್ತ ಜಾಲಿ ಮುಳ್ಳು ಹಾಕಿದರು, ನಾನೂ ಕೈಜೋಡಿಸಿದೆ. ನಮ್ಮ ಸದ್ದಿಗೆ ಹಕ್ಕಿ ಭರ್ರನೆ ಹಾರಿಹೋಯಿತು.

“ತಿರುಗಿ ಬರುತ್ತಾ?” ಎಂದೆ.

“ಬತ್ತದೆ, ಸದ್ ಮಾಡ್ಬೇಡಿ. ಮೊಟ್ಟೆ ತಣ್ಣಗಾದ್ರೆ ಓದಂಗೇಯ.”

ಇಬ್ಬರೂ ದೂರ ಹೋಗಿ ಕೂತೆವು. ನನಗಂತೂ ಜೀವ ಕೈಯಲ್ಲಿ ಹಿಡಿದಂತಾಗಿತ್ತು. ಕುರಿಗಳು ಆ ಸಾಲನ್ನೂ ಮೇಯ್ದು ಮುಂದೆ ಹೋದ ಮೇಲೆ ಹಕ್ಕಿ ನಡೆದುಕೊಂಡೇ ಬಂತು. ಅತ್ತಿತ್ತ ನೋಡಿ ಮುಳ್ಳಿನ ಸಂದಿಯಲ್ಲಿ ನುಸುಳಿತು. ಜಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಅಷ್ಟರಲ್ಲಿ ಔಷಧಿ ಕ್ಯಾನು ಹೇರಿಕೊಂಡು ಜೀಪು ಬಂತು. ಇಂಜಿನಿಯರು ತಗ್ಗಿದ ಹುಲ್ಲನ್ನು ನೋಡಿ ತಲೆಯಾಡಿಸಿದರು, ಮುಳ್ಳಿನ ಹತ್ತಿರ ನಿಂತರು.

“ಇಲ್ಲಿ ಹುಲ್ಲು ಹಾಗೇ ಇದೆಯಲ್ಲ? ಮುಳ್ಳು ಕಿತ್ತು ಔಷಧಿ ಹೊಡೀರಿ.”

“ಒಂದ್ಸಲ ಬಗ್ಗಿ ನೋಡಿ ಸ್ವಾಮಿ. ಆಮ್ಯಾಕೆ ನೀವೇಳ್ದಂಗೆ,” ಎಂದರು ಜಯಮ್ಮ.

ಅವರು ಮುಖ ಗಂಟಿಕ್ಕಿಕೊಂಡೇ ಬಗ್ಗಿದರು. ಬಗ್ಗಿದವರು ಬೇಗ ಏಳಲಿಲ್ಲ. ಆಮೇಲೆ ತುದಿಗಾಲಲ್ಲಿ ಹಿಂದೆ ಬಂದರು. ಚಾಲಕ ಕೀಲಿಗೆ ಕೈ ಹಾಕಿದ್ದ.

“ಸ್ಟಾರ್ಟ್ ಮಾಡಬೇಡ. ಗೇಟಿನವರೆಗೆ ತಳ್ಳೋಣ,” ಎಂದು ಪಿಸುಗುಟ್ಟಿದರು.

“ಬರುವಾಗ ಸ್ಟಾರ್ಟಲ್ಲೇ ಬಂದ್ವಲ್ಲ ಸಾರ್?”

“ಆಗ ನೋಡಿರ್ಲಿಲ್ಲ ಕಣಯ್ಯ.”

ನನ್ನನ್ನು ಮಳವಳ್ಳಿಗೆ ಅದೇ ಜೀಪಿನಲ್ಲಿ ಬಿಡುತ್ತೇವೆಂದರು. ಸೆರಗು ಸಿಕ್ಕಿಸಿಕೊಂಡು ನಾನೂ ಹಿಂದಿನಿಂದ ಕೈ ಕೊಟ್ಟೆ. ತುಂಬಿದ ಔಷಧಿ ಕ್ಯಾನು ಒಳಗೆ ಕುಲುಕುತ್ತಿತ್ತು. ಗೇಟು ದಾಟುವವರೆಗೂ ಯಾರೂ ಬಾಯಿ ಬಿಡಲಿಲ್ಲ.